ಮಿಷನ್ ಆಸ್ಪತ್ರೆಯ ನೂರು ಮಳೆಗಾಲ

ಜೂನ್ ತಿಂಗಳ ಮಳೆ ಉಡುಪಿಗೆ ಹೇಳಿ ಕೇಳಿ ಬರುವುದಿಲ್ಲ. ಮನೆಯಿಂದ ಹೊರಡುವಾಗ ಇದ್ದ ಬಿಸಿಲು ಮಿಷನ್ ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಮಾಯ. ಆಟೋ ನಿಲ್ಲುತ್ತದೆ. ಮೊದಲು ಕೊಡೆ ಹೊರಗೆ ಬರುತ್ತದೆ, ಆಮೇಲೆ ಒಂದು ಕಾಲು, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೈಲು, ಕಟ್ಟಕಡೆಗೆ ರೋಗಿ. ಫೈಲು ಒದ್ದೆಯಾಗಬಾರದು, ರೋಗಿ ಒದ್ದೆಯಾದರೆ ಒರೆಸಿಕೊಳ್ಳಬಹುದು. ಕರಾವಳಿಯ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗುವವರ ಕ್ರಮವೇ ಹಾಗೆ.

ಒಳಗೆ ಚೀಟಿ ಮಾಡಿಸುವ ಕೌಂಟರಿನ ಮುಂದೆ ನಿಂತು ಕಿವಿಗೊಟ್ಟರೆ ಸಾಕು, ಜಿಲ್ಲೆಯ ನಕಾಶೆಯೇ ಕೇಳಿಸುತ್ತದೆ. ಮಲ್ಪೆ ಕಡೆಯಿಂದ ಬಂದ ಹೆಂಗಸು ತುಳುವಿನಲ್ಲಿ ಗಂಡನ ಸಕ್ಕರೆ ಕಾಯಿಲೆಯ ಬಗ್ಗೆ ದೂರು ಹೇಳುತ್ತಾಳೆ. ಅವಳ ಹಿಂದೆ ನಿಂತ ಅಜ್ಜ ಕೊಂಕಣಿಯಲ್ಲಿ ಮಗಳನ್ನು ಗದರುತ್ತಾರೆ. ಬುರ್ಖಾ ತೊಟ್ಟ ತಾಯಿಯೊಬ್ಬರು ಬ್ಯಾರಿ ಭಾಷೆಯಲ್ಲಿ ಮಗುವನ್ನು ಸಮಾಧಾನ ಮಾಡುತ್ತಾರೆ. ಬ್ರಹ್ಮಾವರದಾಚೆಯಿಂದ ಬಂದವರ ಕುಂದಗನ್ನಡದಲ್ಲಿ ಶಬ್ದಗಳ ಬಾಲವೆಲ್ಲ ಕತ್ತರಿಸಿ ಹೋಗಿರುತ್ತದೆ. ಈಗ ಹದಿನೈದು ಇಪ್ಪತ್ತು ವರ್ಷಗಳಿಂದ ಇದಕ್ಕೆ ಬಾಗಲಕೋಟೆ, ಕೊಪ್ಪಳ, ಗದಗ ಸೀಮೆಯ ಮಾತೂ ಸೇರಿದೆ. ಕಟ್ಟಡದ ಕೆಲಸಕ್ಕೆ ಬಂದ ಹುಡುಗ ಹೊಟ್ಟೆ ಹಿಡಿದುಕೊಂಡು "ಭಾಳ ಬ್ಯಾನಿ ಆಗಾಕತ್ತೇತ್ರಿ" ಎಂದರೆ ಕೌಂಟರಿನವರು ಒಮ್ಮೆ ಕಣ್ಣು ಪಿಳುಕಿಸುತ್ತಾರೆ, ಅಷ್ಟೇ. ಬರೆದುಕೊಳ್ಳುತ್ತಾರೆ.

ಬೋರ್ಡಿನ ಮೇಲೆ ಇರುವ ಹೆಸರು ಸಿಎಸ್‌ಐ ಲೊಂಬಾರ್ಡ್ ಮೆಮೋರಿಯಲ್ ಆಸ್ಪತ್ರೆ. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಹಿಂತಿರುಗಿ ನಿಮ್ಮ ಮುಖ ನೋಡುತ್ತಾರೆ. ಮಿಷನ್ ಆಸ್ಪತ್ರೆ ಎನ್ನಿ, ಗಾಡಿ ಹೊರಟಾಯಿತು. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಹೆಂಗಸರಿಗೂ ಮಕ್ಕಳಿಗೂ ಎಂದು ಶುರುಮಾಡಿದ ಈ ಆಸ್ಪತ್ರೆಗೆ 2023ರಲ್ಲಿ ನೂರು ತುಂಬಿತು. ಇಂದು ಇಲ್ಲಿ ಗಂಡಸರಿಗೂ ಚಿಕಿತ್ಸೆ ಉಂಟು, ನರ್ಸಿಂಗ್ ಕಲಿಸುವ ಸಂಸ್ಥೆಯೂ ಉಂಟು. ಆದರೂ ಊರವರ ಮನಸ್ಸಿನಲ್ಲಿ ಇದು ಮುಖ್ಯವಾಗಿ ಹೆರಿಗೆ ಆಸ್ಪತ್ರೆಯೇ. "ನಾನು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ್ದು" ಎಂದು ಹೇಳುವವರು ಉಡುಪಿಯ ಯಾವ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಅಕ್ಕಪಕ್ಕದಲ್ಲಿ ಸಿಗುತ್ತಾರೆ.

ಹೆರಿಗೆ ಕೋಣೆಯ ಹೊರಗಿನ ಬೆಂಚು ನೋಡಬೇಕು. ಗಂಡ ಗೋಡೆಗೆ ಒರಗಿ ಫೋನಿನಲ್ಲಿ ಮುಳುಗಿದವನಂತೆ ಕಾಣುತ್ತಾನೆ. ಬೆರಳು ಮಾತ್ರ ಪರದೆಯ ಮೇಲೆ ಕದಲುವುದಿಲ್ಲ. ಅವನ ಅಮ್ಮ ಬೆಂಚಿನ ಈ ತುದಿಯಲ್ಲಿ, ಅತ್ತೆ ಆ ತುದಿಯಲ್ಲಿ. ಇಬ್ಬರ ನಡುವೆ ಚೀಲ. ಆ ಚೀಲದಲ್ಲಿ ಏನಿದೆ ಎಂದು ಬಿಚ್ಚದೆಯೇ ಹೇಳಬಹುದು: ಬಿಸಿನೀರಿನ ಫ್ಲಾಸ್ಕು, ಸ್ಟೀಲಿನ ಕ್ಯಾರಿಯರಿನಲ್ಲಿ ಕುಚ್ಚಲಕ್ಕಿ ಗಂಜಿ, ಹಳೆಯ ವಾಯಿಲ್ ಸೀರೆ ಹರಿದು ಒಗೆದು ಮಡಚಿಟ್ಟ ತುಂಡುಗಳು. ಈ ತುಂಡುಗಳದ್ದೇ ಮಳೆಗಾಲದ ದೊಡ್ಡ ತಾಪತ್ರಯ. ಎರಡು ದಿನ ಹಗ್ಗದ ಮೇಲೆ ಹಾಕಿದರೂ ಒಣಗುವುದಿಲ್ಲ, ಒಲೆಯ ಬಿಸಿಗೆ ಹಿಡಿದರೆ ಹೊಗೆಯ ವಾಸನೆ. ಹುಡುಗಿಯ ತಾಯಿ ಎರಡೆರಡು ಸಲ ಚೀಲಕ್ಕೆ ಕೈ ಹಾಕಿ ಬಟ್ಟೆ ತಣ್ಣಗಿದೆಯೋ ಒದ್ದೆಯಿದೆಯೋ ಎಂದು ಮುಟ್ಟಿ ನೋಡುತ್ತಾಳೆ. ಬೀಗತಿ ನೋಡಿಯೂ ನೋಡದಂತೆ ಇರುತ್ತಾಳೆ.

ಬಾಗಿಲು ತೆರೆಯುತ್ತದೆ. ಸಿಸ್ಟರ್ ಹೊರಗೆ ಬಂದ ಕೂಡಲೇ ಮೂವರೂ ಎದ್ದು ನಿಲ್ಲುತ್ತಾರೆ.

"ಪೊಣ್ಣು ಬಾಲೆ. ಇರ್ವೆರ್‌ಲಾ ಉಷಾರುಲ್ಲೆರ್."

ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಗಂಡ ಏನು ಮಾಡುವುದೆಂದು ತೋಚದೆ ಫೋನನ್ನು ಕಿಸೆಗೆ ಹಾಕಿ ಮತ್ತೆ ತೆಗೆಯುತ್ತಾನೆ. ಹುಡುಗಿಯ ತಾಯಿಗೆ ಕಣ್ಣು ತುಂಬಿರುತ್ತದೆ. ಬೀಗತಿ ಮಾತ್ರ ತನ್ನ ಕರ್ತವ್ಯ ಮರೆಯುವವಳಲ್ಲ. "ಎಷ್ಟು ಗಂಟೆಗೆ ಸಿಸ್ಟರ್? ನಿಮಿಷ ಸರಿಯಾಗಿ ಹೇಳಿ ಮಾರಾಯ್ರೆ, ಜಾತಕ ಬರೆಸ್ಲಿಕ್ಕೆ ಉಂಟು."

ಸಿಸ್ಟರ್ ನಗುವುದಿಲ್ಲ. ಈ ಪ್ರಶ್ನೆ ಬರುತ್ತದೆಂದು ಆಕೆಗೆ ಗೊತ್ತು. ಗಂಟೆ, ನಿಮಿಷ ಹೇಳುತ್ತಾಳೆ, ಬೀಗತಿ ಎರಡು ಸಲ ಬಾಯಿಪಾಠ ಮಾಡುತ್ತಾಳೆ. ಯೋಚಿಸಿದರೆ ಸ್ವಾರಸ್ಯವಿದೆ. ಅಷ್ಟಮಠಗಳ ಈ ಊರಿನಲ್ಲಿ ನೂರು ವರ್ಷಗಳಿಂದ ಎಷ್ಟೋ ಜಾತಕಗಳ ಲಗ್ನ ನಿಂತಿರುವುದು ಕ್ರೈಸ್ತ ಮಿಷನ್ನಿನ ಗೋಡೆ ಗಡಿಯಾರದ ಮೇಲೆ. ಅದು ಐದು ನಿಮಿಷ ಮುಂದಿತ್ತೋ ಹಿಂದಿತ್ತೋ ಎಂದು ಯಾವ ಜೋಯಿಸರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

1923ರ ಉಡುಪಿಯನ್ನು ಈಗಿನ ಉಡುಪಿಯಿಂದ ಊಹಿಸುವುದು ಕಷ್ಟ. ಆಗ ಇದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪೇಟೆ. ರೈಲು ಮಂಗಳೂರಿಗೆ 1907ರಲ್ಲಿ ಬಂದು ಅಲ್ಲೇ ನಿಂತಿತ್ತು. ಉಡುಪಿಗೆ ಕೊಂಕಣ ರೈಲು ಓಡಾಡಿದ್ದು 1990ರ ದಶಕದಲ್ಲಿ. ಮಂಗಳೂರು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ, ನಡುವೆ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ ಎಂದು ಹೊಳೆಯ ಮೇಲೆ ಹೊಳೆ. ದೋಣಿ ಸಿಕ್ಕಿದರೆ ಉಂಟು, ಮಳೆಗಾಲದಲ್ಲಿ ದೋಣಿಯವನಿಗೆ ಧೈರ್ಯ ಬಂದರೆ ಉಂಟು. ಉಡುಪಿಯ ಉತ್ತರಕ್ಕೆ ಕಲ್ಯಾಣಪುರದ ಸ್ವರ್ಣಾ ಹೊಳೆ, ಅದರಾಚೆ ಸೀತಾ. ಹೊಳೆಯಾಚೆಯ ಹಳ್ಳಿಯಲ್ಲಿ ಹೆರಿಗೆಯ ನೋವು ಎರಡು ದಿನವಾದರೂ ನಿಲ್ಲದಿದ್ದರೆ ಮಂಚಿಲಿನಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು, ಕಡವಿನಲ್ಲಿ ದೋಣಿಗೆ ಕಾದು ತರಬೇಕು. ಹಾಗೆ ತಂದವರನ್ನು ಎಲ್ಲಿಗೆ ತರುವುದು?

ತಂದರೂ ಯಾರಿಗೆ ತೋರಿಸುವುದು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಡಾಕ್ಟರು ಎಂದರೆ ಗಂಡಸು. ಗಂಡಸು ಡಾಕ್ಟರ ಮುಂದೆ ಮಲಗುವುದಕ್ಕಿಂತ ಸಾಯುವುದು ಲೇಸು ಎಂದು ಹೆಂಗಸರೇ ಹೇಳುತ್ತಿದ್ದ ಕಾಲ. ಈವಾ ಲೊಂಬಾರ್ಡ್ ಉಡುಪಿಗೆ ತಂದ ಅತಿ ದೊಡ್ಡ ಔಷಧಿ ಯಾವ ಸೀಸೆಯಲ್ಲೂ ಇರಲಿಲ್ಲ. ಡಾಕ್ಟರು ಹೆಂಗಸು ಎಂಬ ಸುದ್ದಿಯೇ ಆ ಔಷಧಿ.

ಆಕೆ ಬಂದದ್ದಕ್ಕೆ ಹಿನ್ನೆಲೆಯಲ್ಲಿ ಒಂದು ಯುದ್ಧವೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು ಶಾಲೆ, ಅಚ್ಚುಕೂಟ, ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ಎಂದು ಕರಾವಳಿಯಲ್ಲಿ ಬೇರು ಬಿಟ್ಟವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅವರಲ್ಲಿದ್ದ ಜರ್ಮನ್ನರನ್ನು ಹಿಡಿದು ಶಿಬಿರಕ್ಕೆ ಹಾಕಿತು, ಆಮೇಲೆ ಹಡಗು ಹತ್ತಿಸಿತು. ಯುದ್ಧದಲ್ಲಿ ತಟಸ್ಥವಾಗಿದ್ದ ಸ್ವಿಟ್ಜರ್ಲೆಂಡಿನವರಿಗೆ ಬಾಗಿಲು ಹೆಚ್ಚು ತೆರೆದಿತ್ತು. ಹಾಗಾಗಿ ಯುದ್ಧ ಮುಗಿದು ಐದು ವರ್ಷಕ್ಕೆ ಉಡುಪಿಯಲ್ಲಿ ಆಸ್ಪತ್ರೆ ತೆರೆದದ್ದು ಒಬ್ಬ ಸ್ವಿಸ್ ಹೆಂಗಸು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯುರೋಪಿನ ಹೆಂಗಸರಿಗೆ ವೈದ್ಯವಿದ್ಯೆ ಮೊದಲು ಕೈಗೆಟುಕಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಒಂದು. 1867ರಲ್ಲೇ ರಷ್ಯಾದ ನಾದೆಜ್ದಾ ಸುಸ್ಲೋವಾ ಅಲ್ಲಿ ವೈದ್ಯಕೀಯ ಪದವಿ ಪಡೆದಿದ್ದಳು. ಅದೇ ದೇಶ ತನ್ನ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕಲು ಬಿಟ್ಟದ್ದು 1971ರಲ್ಲಿ! ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಆಸ್ತಿಯುಳ್ಳ ಹೆಂಗಸರಿಗೆ 1921ರಲ್ಲೇ ಮತದ ಹಕ್ಕು ಬಂದಿತ್ತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತರು. ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಈ ನಾಡಿನಲ್ಲಿ ಮತಗಟ್ಟೆಗೆ ಹೋಗಬಹುದಾಗಿದ್ದ ಒಬ್ಬ ಆಸ್ತಿವಂತ ಹೆಂಗಸಿನ ಹೆರಿಗೆ ಮಾಡಿಸಲು ಬಂದ ಡಾಕ್ಟರಿಗೆ ತನ್ನ ಊರಿನಲ್ಲಿ ಮತವಿರಲಿಲ್ಲ. ಮುಂದುವರಿದ ದೇಶದಿಂದ ಹಿಂದುಳಿದ ದೇಶಕ್ಕೆ ಬೆಳಕು ತಂದರು ಎಂದು ಭಾಷಣ ಮಾಡುವವರು ಇದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಧರ್ಮಪ್ರಚಾರ ಮಿಷನ್ನಿನ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಾದ್ದೂ ಇಲ್ಲ, ಅದಕ್ಕಾಗಿ ಹುಬ್ಬು ಗಂಟಿಕ್ಕಬೇಕಾದ್ದೂ ಇಲ್ಲ. ನಮ್ಮ ಹಿರಿಯರು ಹುಷಾರಿನವರು. ಔಷಧಿ ತೆಗೆದುಕೊಂಡರು, ಪ್ರಾರ್ಥನೆಯನ್ನೂ ಕೇಳಿಸಿಕೊಂಡರು, ಮನೆಗೆ ಹೋಗಿ ತಲೆಗೆ ಮಿಂದು ದೇವರಿಗೆ ದೀಪ ಹಚ್ಚಿದರು. ಮುಂದಿನ ಹೆರಿಗೆಗೆ ಮತ್ತೆ ಅಲ್ಲಿಗೇ ಬಂದರು.

ನಿಜವಾಗಿ ಬದಲಾದದ್ದು ಬೇರೆ. ಹೆರಿಗೆಯಾದ ಮನೆಗೆ ಅಮೆ. ಹತ್ತಿರದವರಿಗೆಲ್ಲ ಮೈಲಿಗೆ, ಬಾಣಂತಿ ಮನೆಯ ಒಂದು ಮೂಲೆಗೆ. ನೆತ್ತರು ಮುಟ್ಟುವ, ಹೊಕ್ಕುಳಬಳ್ಳಿ ಕತ್ತರಿಸುವ, ಮಾಸು ಹೂಳುವ ಕೆಲಸ ಬಡ ಸೂಲಗಿತ್ತಿಯದು. ಅವಳ ಕೈಯಿಂದ ಮಗು ಬೇಕು, ಅವಳು ಜಗಲಿಗೆ ಬರುವುದು ಬೇಡ. ಆ ಹೆಂಗಸರ ಕೈಗುಣವನ್ನು ನಾನು ಹಗುರ ಮಾಡುವವನಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ. ಅಡ್ಡವಾದ ಮಗುವನ್ನು ಹೊರಗಿನಿಂದಲೇ ತಡವಿ ಗುರುತಿಸಬಲ್ಲ ಬೆರಳುಗಳು ಅವರಂಥವರಿಗೆ ಇದ್ದವು. ಇಲ್ಲದ್ದು ಕುದಿಸಿದ ನೀರು, ಸೋಪು, ಕಾಯಿಸಿದ ಕತ್ತರಿ. ಮನೆಯ ಕತ್ತಿಯಲ್ಲೇ ಬಳ್ಳಿ ಕೊಯ್ದರೆ ವಾರದೊಳಗೆ ಮಗು ಹಾಲು ಬಿಟ್ಟು ಸೆಟೆದುಕೊಳ್ಳುತ್ತಿತ್ತು. ಗ್ರಹಚಾರ ಎಂದರು, ದೆವ್ವ ಎಂದರು, ಅದು ಧನುರ್ವಾಯು. ತಾಯಿಗೆ ಮೂರನೇ ದಿನ ಚಳಿ ಜ್ವರ ಬಂದರೆ ಬಾಣಂತಿ ನಂಜು ಎಂದರು. ಅದು ನಂಜೇ ಹೌದು, ಆದರೆ ತಿಂದದ್ದರಿಂದ ಬಂದದ್ದಲ್ಲ. ತೊಳೆಯದ ಕೈಯಿಂದ ಬಂದದ್ದು.

ಡಾಕ್ಟರ ಕೈಯಲ್ಲಿಯಾದರೂ ಏನಿತ್ತು? ಪೆನಿಸಿಲಿನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಬಾಣಂತಿ ನಂಜಿಗೆ ಸಲ್ಫಾ ಔಷಧಿ ಜೀವ ಉಳಿಸುತ್ತದೆ ಎಂದು ಲಂಡನ್ನಿನ ಲಿಯೊನಾರ್ಡ್ ಕೋಲ್‌ಬ್ರೂಕ್ ತೋರಿಸಿಕೊಟ್ಟದ್ದು 1936ರಲ್ಲಿ. ಅಂದರೆ ಮೊದಲ ಹನ್ನೆರಡು ಹದಿಮೂರು ವರ್ಷ ಉಡುಪಿಯ ಈ ಆಸ್ಪತ್ರೆಯೂ ಲೋಕದ ಬೇರೆ ಹೆರಿಗೆ ಆಸ್ಪತ್ರೆಗಳೂ ನಂಜಿನ ಎದುರು ನಿಂತದ್ದು ಬರೀ ಶುಚಿಯ ಬಲದ ಮೇಲೆ. ಕುದಿಯುವ ಹಂಡೆ, ಸೋಪು, ಒಗೆದು ಕಾಯಿಸಿದ ಬಟ್ಟೆ, ಮೊಣಕೈವರೆಗೆ ತಿಕ್ಕಿ ತೊಳೆದ ಕೈ. ಮಡಿಗೆ ಹೆಸರಾದ ಊರಿಗೆ ಇದು ಇನ್ನೊಂದು ಬಗೆಯ ಮಡಿ. ಹಳೆಯ ಮಡಿಯಲ್ಲಿ ಮುಟ್ಟಬಾರದು. ಇದರಲ್ಲಿ ತೊಳೆದುಕೊಂಡು ಮುಟ್ಟಲೇಬೇಕು.

ಮುಟ್ಟಿದವರು ಯಾರು? ಬಾಸೆಲ್ ಮಿಷನ್ನಿನ ಸಭೆ ಸೇರಿದ ತುಳುನಾಡಿನ ಕುಟುಂಬಗಳಲ್ಲಿ ಬಿಲ್ಲವ ಮೂಲದವರೇ ಹೆಚ್ಚು. ದೇವಸ್ಥಾನದ ಬೀದಿಯಲ್ಲಿ ದೂರ ನಿಲ್ಲಬೇಕಾಗಿದ್ದವರ ಮೊಮ್ಮಕ್ಕಳು ಮಿಷನ್ ಶಾಲೆಯಲ್ಲಿ ಓದಿದರು, ಅವರಲ್ಲಿ ಹುಡುಗಿಯರು ನರ್ಸುಗಳಾದರು. ಸೂಲಗಿತ್ತಿ ಮಾಡುತ್ತಿದ್ದ ಅದೇ ಕೆಲಸಕ್ಕೆ ಈಗ ಬಿಳಿ ಸಮವಸ್ತ್ರ ಬಂತು, ತಿಂಗಳ ಸಂಬಳ ಬಂತು, 'ಸಿಸ್ಟರ್' ಎಂಬ ಗೌರವ ಬಂತು. ಮೇಲ್ಜಾತಿಯ ಯಜಮಾನರು ಎದ್ದು ನಿಂತು "ಮಗಳು ಹೇಗಿದ್ದಾಳೆ ಸಿಸ್ಟರ್?" ಎಂದು ಕೇಳಬೇಕಾದ ದಿನ ಬಂತು. ನೆತ್ತರು ಮುಟ್ಟುವುದು ಕೀಳು ಕೆಲಸವೆಂಬ ನಂಬಿಕೆಗೆ ಈ ಸೀಮೆಯಲ್ಲಿ ಬಿದ್ದ ಮೊದಲ ಏಟುಗಳಲ್ಲಿ ಇದೊಂದು. ಉಪವಾಸ, ಮೆರವಣಿಗೆ, ಘೋಷಣೆ ಯಾವುದೂ ಇಲ್ಲದೆ ಪ್ರತಿ ಹೆರಿಗೆಯಲ್ಲೂ ಒಂದೊಂದು ಏಟು. ನನ್ನ ಮಟ್ಟಿಗೆ ಈ ಆಸ್ಪತ್ರೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲ.

ಉಡುಪಿ ಒಂಟಿಯಾಗಿರಲಿಲ್ಲ ಎನ್ನಿ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನದೇ ಆಸ್ಪತ್ರೆ ಇದಕ್ಕೂ ಮೊದಲೇ ಇತ್ತು, ಗದಗ ಸೀಮೆಯವರಿಗೆ ಅದು ಇಂದಿಗೂ ಜರ್ಮನ್ ದವಾಖಾನಿ. ಮೈಸೂರಿನಲ್ಲಿ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಕೋಲಾರದಲ್ಲಿ ಇಟಿಸಿಎಂ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಶುರುಮಾಡಿದ್ದು. ಮೈಸೂರಿನವರೂ ತಮ್ಮದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಬೇರೆ ಮಿಷನ್ ಬೇರೆ ದೇಶ, ಜನ ಇಟ್ಟ ಹೆಸರು ಒಂದೇ.

ದೇಶದ ಆರೋಗ್ಯ ಸ್ಥಿತಿ ಅಳೆಯಲು ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ನಮ್ಮ ದೇಶದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದಾರೆಂದು ಅಂದಾಜು ಮಾಡಿತ್ತು. ಲಕ್ಷದ ಲೆಕ್ಕಕ್ಕೆ ತಂದರೆ ಎರಡು ಸಾವಿರ. 2018–20ರಲ್ಲಿ ಕರ್ನಾಟಕದ ಲೆಕ್ಕ ಲಕ್ಷಕ್ಕೆ 69. ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನವಾದ ದೇಶವೆಂದು ಭಾರತಕ್ಕೆ 2015ರಲ್ಲಿ ಮನ್ನಣೆ ಸಿಕ್ಕಿತು. ಇದರಲ್ಲಿ ಸರ್ಕಾರದ ಪಾಲು ದೊಡ್ಡದು, ಲಸಿಕೆಯ ಪಾಲು ದೊಡ್ಡದು, ಆಶಾ ಕಾರ್ಯಕರ್ತೆಯರ ನಡಿಗೆಯ ಪಾಲು ಇನ್ನೂ ದೊಡ್ಡದು. ಹೆರಿಗೆಗೆ ಆಸ್ಪತ್ರೆಗೆ ಹೋಗಬೇಕು, ಹೋದರೆ ಮಾನ ಹೋಗುವುದಿಲ್ಲ ಎಂದು ಅಜ್ಜಿಯಂದಿರನ್ನು ಒಪ್ಪಿಸಿದ್ದು ಮಾತ್ರ ಇಂಥ ಹಳೆಯ ಆಸ್ಪತ್ರೆಗಳು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಕಥೆ ಬೇರೆಯಾಯಿತು. ಐದಾರು ಕಿಲೋಮೀಟರಿನಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಎದ್ದು ನಿಂತರೆ ಸಣ್ಣದು ಮಂಕಾಗುವುದು ಸಹಜ. ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಉಂಟು. ದಾನಿ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಉಂಟು. ಖಾಸಗಿ ನರ್ಸಿಂಗ್ ಹೋಮುಗಳ ಲೆಕ್ಕ ಬೇಡ. ಸ್ವಾತಂತ್ರ್ಯದ ವರ್ಷ ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾದ ಕೈಗೆ ಮಿಷನ್ ಆಸ್ಪತ್ರೆ ಬಂದ ಮೇಲೆ, ವಿದೇಶದ ಹಣ ಕ್ರಮೇಣ ತೆಳ್ಳಗಾದ ಮೇಲೆ, ಇದೂ ಊರಿನ ಬೇರೆ ಆಸ್ಪತ್ರೆಗಳ ಹಾಗೆ ಬಂದ ರೋಗಿಯ ಬಿಲ್ಲಿನಿಂದಲೇ ಸಂಬಳ ಕೊಡಬೇಕಾದ ಸಂಸ್ಥೆಯಾಯಿತು. ದೇಶದ ಎಷ್ಟೋ ಮಿಷನ್ ಆಸ್ಪತ್ರೆಗಳು ಈ ತಿರುವಿನಲ್ಲೇ ಬಾಗಿಲು ಹಾಕಿದವು.

ಶತಮಾನೋತ್ಸವವೆಂದರೆ ನಮ್ಮಲ್ಲಿ ಒಂದು ಸಿದ್ಧ ಮಾದರಿ ಇದೆ. ಶಾಮಿಯಾನ, ದೀಪ ಬೆಳಗುವುದು, ಪ್ರಾರ್ಥನೆ, ಸ್ವಾಗತ, ಮತ್ತೊಮ್ಮೆ ಸ್ವಾಗತ, ಸ್ಮರಣ ಸಂಚಿಕೆ, ಗಣ್ಯರಿಗೆ ಶಾಲು. ಎಲ್ಲ ಊರುಗಳಲ್ಲೂ ಹೀಗೆಯೇ, ಯಾರನ್ನೂ ದೂರಿ ಪ್ರಯೋಜನವಿಲ್ಲ. ಆದರೆ ಇಂಥ ಸಮಾರಂಭದಲ್ಲಿ ಭಾಷಣಕ್ಕಿಂತ ಹಿಂದಿನ ಸಾಲಿನ ಕುರ್ಚಿಗಳೇ ನನಗೆ ಇಷ್ಟ. ಅಲ್ಲಿ ನಿವೃತ್ತ ನರ್ಸುಗಳು ಕೂತಿರುತ್ತಾರೆ. ಹತ್ತಿ ಸೀರೆ, ಕೈಯಲ್ಲಿ ಕರ್ಚೀಫು, ಉಗುರು ಇಂದಿಗೂ ಬುಡದವರೆಗೆ ಕತ್ತರಿಸಿದ್ದು. ಎದುರಿಗೆ ಬಂದ ನಡುವಯಸ್ಸಿನ ಗಂಡಸನ್ನು ನೋಡಿ "ನೀನು ಇಂಥವರ ಮಗ ಅಲ್ವಾ? ಕಾಲು ಮುಂದಾಗಿ ಬಂದವನು" ಎಂದು ಅವರು ಹೇಳಿದರೆ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನೂ ಐದು ನಿಮಿಷ ಕೂಸಾಗಿಬಿಡುತ್ತಾನೆ.

ಇಷ್ಟು ಹೊಗಳಿದ ಮೇಲೆ ಕಹಿ ಮಾತೂ ಬೇಕು. ಆಸ್ಪತ್ರೆಗೆ ಹೋಗುವುದೋ ಬೇಡವೋ ಎಂಬ ಪ್ರಶ್ನೆ ಮುಗಿದಿದೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97 ಆಸ್ಪತ್ರೆಯಲ್ಲೇ ಆದವು. ಅದೇ ಸಮೀಕ್ಷೆ ಇನ್ನೊಂದು ಅಂಕಿ ಕೊಡುತ್ತದೆ: ರಾಜ್ಯದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಇದು ಯಾವುದೋ ಒಂದು ಆಸ್ಪತ್ರೆಯ ಮಾತಲ್ಲ, ಇಡೀ ರಾಜ್ಯದ್ದು. ಜೀವ ಉಳಿಸುವ ಕತ್ತರಿ ಬೇಕೇ ಬೇಕು, ಹೊಳೆ ದಾಟಿ ಮಂಚಿಲಿನಲ್ಲಿ ಬಂದ ಹೆಂಗಸನ್ನು ಉಳಿಸಿದ್ದೂ ಎಷ್ಟೋ ಸಲ ಅದೇ. ಆದರೆ ಮೂವರಲ್ಲಿ ಒಬ್ಬಳಿಗೆ ಹೊಟ್ಟೆ ಕೊಯ್ಯಬೇಕಾಗುವಷ್ಟು ನಮ್ಮ ಹೆಣ್ಣುಮಕ್ಕಳ ಮೈ ಕೆಟ್ಟಿದೆಯೇ? ಡಾಕ್ಟರಿಗೆ ಕೋರ್ಟಿನ ಭಯ, ಮನೆಯವರಿಗೆ ಅವಸರ, ಕೆಲವರಿಗೆ ಒಳ್ಳೆಯ ನಕ್ಷತ್ರದ ಆಸೆ. ಜಾತಕಕ್ಕೆ ನಿಮಿಷ ಕೇಳುತ್ತಿದ್ದ ಅಜ್ಜಿಯ ಮೊಮ್ಮಗ ಈಗ ಮುಹೂರ್ತವನ್ನೇ ಬರೆದು ತರುತ್ತಾನೆ.

ಈ ಹೊತ್ತಿಗೆ ಬೇಕಾದ್ದು ರಾತ್ರಿಯಿಡೀ ಪಕ್ಕದಲ್ಲಿ ಕೂತು "ಇನ್ನು ಸ್ವಲ್ಪ ಹೊತ್ತು, ಆಗ್ತದೆ ಮಗಾ" ಎನ್ನುವ ಅನುಭವಸ್ಥ ನರ್ಸು, ಅವಸರ ಮಾಡದ ಡಾಕ್ಟರು, ಕುಟುಂಬದ ಗುರುತಿರುವ ಆಸ್ಪತ್ರೆ. ಇದು ಸಣ್ಣ ಊರಿನ ಹಳೆಯ ಆಸ್ಪತ್ರೆಗಳು ನೂರು ವರ್ಷ ಮಾಡಿಕೊಂಡು ಬಂದ ಕೆಲಸ. ಹೃದಯದ ಆಪರೇಷನ್ನಿಗೆ ಮಣಿಪಾಲ ಉಂಟು, ಅದು ಅಲ್ಲೇ ಆಗಲಿ. ಜ್ವರ, ಹರ್ನಿಯಾ, ಮುರಿದ ಕೈ, ಸಹಜ ಹೆರಿಗೆ, ವಯಸ್ಸಾದವರ ಬಿ.ಪಿ., ಇವಕ್ಕೂ ವಿಮೆಯ ಕಾರ್ಡು ಹಿಡಿದು ದೊಡ್ಡ ಆಸ್ಪತ್ರೆಯ ಲಿಫ್ಟಿನ ಮುಂದೆ ಸಾಲು ನಿಲ್ಲುವುದು ಏಕೆ? ಕೈಯಲ್ಲಿ ಕಾಸಿದ್ದವರೆಲ್ಲ ಅತ್ತ ಹೋಗಿ, ಕೊಡಲಾರದವರು ಮಾತ್ರ ಇತ್ತ ಬಂದರೆ ಯಾವ ದಯಾಳು ಸಂಸ್ಥೆಯ ಲೆಕ್ಕವೂ ತಿಂಗಳ ಕೊನೆಗೆ ಹೊಂದುವುದಿಲ್ಲ. ಬಡವರಿಗೆ ಬಿಲ್ಲು ಕಡಿಮೆ ಮಾಡುವ ಆಸ್ಪತ್ರೆ ನಡೆಯುವುದು ಉಳ್ಳವರು ಅಲ್ಲಿಗೆ ಬಂದು ಪೂರ್ತಿ ಕಟ್ಟಿದಾಗ.

ಆದ್ದರಿಂದ ಉಡುಪಿಯವರಲ್ಲೂ, ಇಂಥದೊಂದು ಹಳೆಯ ಆಸ್ಪತ್ರೆ ಇರುವ ಬೇರೆ ಊರಿನವರಲ್ಲೂ ನನ್ನ ಕೋರಿಕೆ ಇಷ್ಟೇ. ಶಾಲು ಹಾರ ಸಾಕು. ನೀವು ಹುಟ್ಟಿದಾಗ ಇದ್ದ ಸಿಸ್ಟರ್ ಯಾರು, ಆಯಾ ಯಾರು ಎಂದು ಮನೆಯ ಅಜ್ಜಿಯನ್ನು ಕೇಳಿ, ಅವರು ಇರುವಾಗಲೇ ಬರೆದು ಆಸ್ಪತ್ರೆಗೆ ಕೊಡಿ. ಶಿಲಾಫಲಕಗಳಲ್ಲಿ ಆ ಹೆಸರುಗಳಿಲ್ಲ. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಅಲ್ಲಿ ಚೀಟಿ ಮಾಡಿಸಿ. ಬರುವಾಗ ಚೌಕಾಸಿ ಮಾಡದೆ ಬಿಲ್ಲು ಕಟ್ಟಿ ಬನ್ನಿ.